ಒಂದು ಯಂತ್ರದಲ್ಲಿ ಎರಡು ವ್ಯವಸ್ಥೆಗಳು

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ಮಾನ್ಯ ಪಾಲಕರೇ,

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ನಮ್ಮಲ್ಲಿಗೆ ಬರುವ ಬಾಲಿಕೆಯರಲ್ಲಿ ಅನೇಕರಿಗೆ ಗಣಕಯಂತ್ರವನ್ನು ಕೈಯಿಂದ ಮುಟ್ಟುವ ಸಂದರ್ಭವು ಶಾಲೆಯಲ್ಲಿ ಮಾತ್ರವೇ ಒದಗುವದು. ಆದಕಾರಣ ನಮ್ಮ ಹತ್ತು ಹಳೆಯ ಯಂತ್ರಗಳ ವಿಷಯವಾಗಿ ಎರಡು ಮಾತು ಬರೆಯುವದು ಉಚಿತವೆಂದು ತಿಳಿದಿದ್ದೇನೆ.

ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ನಮ್ಮಲ್ಲಿರುವದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಇಸವಿಯ ಅಕ್ಟೋಬರ 14ಕ್ಕೆ ಮುಗಿಯಿತು. ಮುಂದಿನದಾದ ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣೆಯ ಏರ್ಪಾಡು ಬೇಕು. ಅದು ನಮ್ಮ ಯಂತ್ರಗಳಲ್ಲಿಲ್ಲ. ಹಾಗಾದರೆ ಓಡುತ್ತಿರುವ ಯಂತ್ರಗಳನ್ನು ಗುಜರಿಗೆ ಹಾಕಬೇಕೋ? ಬೇಡವೆಂಬದೇ ನನ್ನ ಅಭಿಪ್ರಾಯವು. ಹಳೆಯದನ್ನು ತೆಗೆಯದೆ ಅದರ ಪಕ್ಕದಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸಿದರೆ, ಒಂದೇ ಯಂತ್ರವು ಎರಡು ಬಗೆಯಾಗಿ ಕೆಲಸಕ್ಕೆ ಬರುವದು. ಲಿನಕ್ಸಿನ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾದ ಲಿನಸ್ ಟೋರ್ವಾಲ್ಡ್ಸನು ಬರೆಯತೊಡಗಿದನು. ಉಬುಂಟುವಿಗೆ ಕ್ರಯವಿಲ್ಲ.

ವಿಂಡೋಸನ್ನು ಪೂರ್ತಿ ಅಳಿಸಬಾರದೇಕೆ? ನಮ್ಮ ಕಚೇರಿಯ ಹಳೆಯ ಕಾಗದಪತ್ರಗಳೆಲ್ಲ ಹಿಂದಿನ ನುಡಿ ತಂತ್ರಾಂಶದಲ್ಲಿವೆ. ಅವುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲೀಷು ಅಕ್ಷರಗಳ ಸ್ಥಾನದಲ್ಲಿ ಕೂತಿರುವದರಿಂದ, ಆ ಫಾಂಟು ಇಲ್ಲದಲ್ಲಿ ಓದಲಿಕ್ಕೆ ಬಾರದ ಗೀಚುಗಳಾಗಿ ಕಾಣುವವು. ಹಳೆಯ ಕಡತಗಳಿಗಾಗಿ ಜಾಲದ ಸಂಪರ್ಕವಿಲ್ಲದೆ ವಿಂಡೋಸ್, ಪಾಠಕ್ಕೂ ಅಂತರ್ಜಾಲಕ್ಕೂ ಉಬುಂಟು, ಇದೇ ನಮ್ಮ ಕ್ರಮವು. ಹೊಸ ಬರವಣಿಗೆಯೆಲ್ಲ ಯುನಿಕೋಡಿನಲ್ಲಿ ಆಗುವದು. ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದೇನೂ ಕಲಿಯಬೇಕಾಗಿಲ್ಲ, ಕ.ಗ.ಪ. ಎಂಬ ಅದೇ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿಯೂ ಇದೆ.

ಮೊದಲನೆಯ ಸಾರೆ ನಾವು ಎಡವಿದೆವೆಂದು ಒಪ್ಪಿಕೊಳ್ಳುವೆನು. ಪೇಟೆಯಿಂದ ಕರೆತಂದ ಒಬ್ಬರು ‘ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸು’ ಎಂಬದನ್ನು ಬಿಟ್ಟು ‘ಡಿಸ್ಕನ್ನೆಲ್ಲ ಅಳಿಸು’ ಎಂಬದನ್ನು ಒತ್ತಿದರು. ಒಂಬತ್ತನೆಯ ಇಯತ್ತೆಯ ಅಂಕಗಳೆಲ್ಲ ಹೋದವು. ಶಿಕ್ಷಕಿಯರು ಉತ್ತರಪತ್ರಿಕೆಗಳ ಕಟ್ಟುಗಳನ್ನು ಬಿಚ್ಚಿ ಎಂಟು ದಿನ ಮತ್ತೆ ಬರೆದರು. ಪ್ರತಿ ತೆಗೆದಿರಿಸದೆ ಕೆಲಸಕ್ಕೆ ಅಪ್ಪಣೆ ಕೊಟ್ಟ ದೋಷವು ನನ್ನದೇ.

ಎರಡನೆಯ ಸಾರೆ ಕ್ರಮವಾಗಿ ನಡೆದೆವು. ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟೆವು. ಯಾಕಂದರೆ ಎರಡು ವ್ಯವಸ್ಥೆಗಳಿದ್ದರೂ ಡಿಸ್ಕು ಒಂದೇ, ಅದು ಕೆಟ್ಟರೆ ಎರಡೂ ಕೆಡುವವು. ಬಳಿಕ ಪೆನ್‌ಡ್ರೈವಿನಿಂದ ಉಬುಂಟುವನ್ನು ಸ್ಥಾಪಿಸದೆಯೇ ನಡೆಸಿ ನೋಡಿದೆವು. ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬದನ್ನು ನಿಲ್ಲಿಸಿದೆವು. ನಿಲ್ಲಿಸದಿದ್ದರೆ ಅದು ಅರೆನಿದ್ದೆಯಲ್ಲಿದ್ದು ತನ್ನ ಭಾಗದಲ್ಲಿ ಇನ್ನೊಂದಕ್ಕೆ ಬರೆಯಗೊಡದು. ಡಿಸ್ಕಿನಲ್ಲಿ ವಿಂಡೋಸಿನ ಭಾಗವನ್ನು ಕುಗ್ಗಿಸಿ ಜಾಗ ಬಿಡಿಸಿದ ಮೇಲೆಯೇ ಉಬುಂಟುವನ್ನು ಸ್ಥಾಪಿಸಿದೆವು. ಈಗ ಯಂತ್ರವು ಎದ್ದ ಕೂಡಲೇ ಗ್ರಬ್ ಎಂಬ ದ್ವಾರಪಾಲಕನು ಯಾವದು ಬೇಕೆಂದು ಕೇಳುವನು.

ಮರುದಿನ ವಿಂಡೋಸಿನ ಗಡಿಯಾರವು ಐದೂವರೆ ತಾಸು ಹಿಂದೆ ಬಿದ್ದಿತ್ತು. ಯಂತ್ರದೊಳಗಿನ ಗಡಿಯಾರವು ಜಾಗತಿಕ ವೇಳೆಯಲ್ಲಿದೆಯೆಂದು ಲಿನಕ್ಸ್ ಎಣಿಸುವದು, ಊರಿನ ವೇಳೆಯಲ್ಲಿದೆಯೆಂದು ವಿಂಡೋಸ್ ಎಣಿಸುವದು. ಅದರಿಂದ ಈ ಅಂತರವು. ಅದನ್ನು ಒಂದು ಆಜ್ಞೆಯಿಂದ ಸರಿಪಡಿಸಬಹುದು. ಆದರೆ ಆ ದಿವಸ ನಮ್ಮ ಹುಡುಗಿಯರು ರೇಖಾಂಶದ ಪಾಠವನ್ನು ಪುಸ್ತಕವಿಲ್ಲದೆ ಕಲಿತರು.

“ಕಚೇರಿಗಳಲ್ಲೆಲ್ಲ ವಿಂಡೋಸ್ ಇರುವಾಗ ಹುಡುಗಿಗೆ ಎರಡರ ಭಾರವೇಕೆ?” ಎಂದು ಪಾಲಕರು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಮನೆಯಲ್ಲಿ ಕನ್ನಡ, ಸಂಕೇಶ್ವರದ ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಅದು ಭಾರವಾಗಿದೆಯೋ? ಒಂದೇ ವ್ಯವಸ್ಥೆಯನ್ನು ಬಲ್ಲವಳು ಗುಂಡಿಯ ಸ್ಥಾನವನ್ನು ಕಂಠಪಾಠ ಮಾಡುವಳು. ಗುಂಡಿ ಸರಿದರೆ ಅಳುವಳು. ಎರಡನ್ನು ಬಲ್ಲವಳು ಕಡತವೆಂದರೇನು, ಡಿಸ್ಕೆಂದರೇನು ಎಂಬ ಮೂಲವನ್ನೇ ಅರಿಯುವಳು. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ, 2017ರಿಂದ ಕೈಟ್ ಸಂಸ್ಥೆಯ ಮುಖಾಂತರ, ಲಿನಕ್ಸಿನಲ್ಲಿಯೇ ಕಲಿಯುತ್ತಿದ್ದಾರೆ. ಅವರಿಗೆ ಸಾಧ್ಯವಾದದ್ದು ಘಟಪ್ರಭೆಯ ದಡದವರಿಗೆ ಅಸಾಧ್ಯವೋ?

ಆರು ಯಂತ್ರಗಳು ಸಿದ್ಧವಾಗಿವೆ, ನಾಲ್ಕು ಉಳಿದಿವೆ. ಬೆಳಗಾವಿ, ಬೆಂಗಳೂರುಗಳಲ್ಲಿ ಇದೇ ಉದ್ಯೋಗದಲ್ಲಿರುವ ಪೂರ್ವ ವಿದ್ಯಾರ್ಥಿನಿಯರು ಊರಿಗೆ ಬಂದಾಗ ಒಂದು ಶನಿವಾರವನ್ನು ನಮಗೆ ಕೊಡಿರಿ. ನೀವೇ ಮಾಡಿಬಿಡಬೇಡಿರಿ, ಹುಡುಗಿಯರ ಕೈಯಿಂದ ಮಾಡಿಸಿ, ಪಕ್ಕದಲ್ಲಿ ನಿಂತುಕೊಳ್ಳಿರಿ. ಪಾಲಕರು ಮನೆಯ ಹಳೆಯ ಯಂತ್ರವನ್ನು ಮಾರುವ ಮೊದಲು ಮಗಳನ್ನು ಒಂದು ಮಾತು ಕೇಳಿರಿ. ಅವಳಿಗೆ ಉಪಾಯ ತಿಳಿದಿರಬಹುದು.

ಇತಿ ವಿಜ್ಞಾಪನೆ,
ಮುಖ್ಯೋಪಾಧ್ಯಾಯಿನಿ