ಸುಂಕದ ಕಟ್ಟೆಯಲ್ಲಿ ಬಡ ರಾಷ್ಟ್ರಗಳು

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ನ್ಯಾಯವೆಂಬ ಭಾವನೆ ಲೋಕದಲ್ಲಿ ಸಾಮಾನ್ಯವಾಗಿದೆ. ಆದರೆ ವಿದ್ಯಾಸಂಸ್ಥೆಗಳನ್ನು ನಡೆಸಿದವರಿಗೆ ಈ ಮಾತಿನ ಕೊರತೆ ಚೆನ್ನಾಗಿ ತಿಳಿದಿದೆ. ಜಮೀನ್ದಾರನ ಮಗನಿಂದಲೂ ಕೂಲಿಕಾರನ ಮಗನಿಂದಲೂ ಒಂದೇ ಶುಲ್ಕವನ್ನು ಕೇಳುವುದು ಮೇಲುನೋಟಕ್ಕೆ ಸಮಾನತೆಯಂತೆ ತೋರಿದರೂ, ಅದರ ಫಲವಾಗಿ ಒಬ್ಬನು ತರಗತಿಯಲ್ಲಿ ಉಳಿಯುತ್ತಾನೆ, ಇನ್ನೊಬ್ಬನು ಹೊರಗುಳಿಯುತ್ತಾನೆ. ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನಗಳು ಹುಟ್ಟಿದ್ದು ಈ ಅರಿವಿನಿಂದಲೇ. ರಾಷ್ಟ್ರ ರಾಷ್ಟ್ರಗಳ ನಡುವಣ ವ್ಯಾಪಾರದಲ್ಲಿಯೂ ಇದೇ ಪ್ರಶ್ನೆ ಅರ್ಧಶತಮಾನಕ್ಕೂ ಮೇಲ್ಪಟ್ಟು ಚರ್ಚೆಗೊಳಗಾಗಿದೆ.

1947ರ ಗ್ಯಾಟ್ ಒಪ್ಪಂದದ ಮೊದಲ ನಿಯಮವೇ ಸಮಾನತೆಯದು: ಒಂದು ದೇಶದ ಸರಕಿಗೆ ಕೊಟ್ಟ ಸುಂಕದ ರಿಯಾಯಿತಿಯನ್ನು ಸದಸ್ಯ ರಾಷ್ಟ್ರಗಳೆಲ್ಲಕ್ಕೂ ಕೊಡತಕ್ಕದ್ದು. ಹೊಸದಾಗಿ ಸ್ವಾತಂತ್ರ್ಯ ಪಡೆದ, ಕಚ್ಚಾ ಮಾಲನ್ನಷ್ಟೇ ಮಾರಿ ಬದುಕುತ್ತಿದ್ದ ದೇಶಗಳಿಗೆ ಈ ಸಮಾನತೆ ಉಪಯೋಗಕ್ಕೆ ಬರಲಿಲ್ಲ. 1964ರಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದಲ್ಲಿ ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಶ್ ಅವರು ಬಡ ರಾಷ್ಟ್ರಗಳ ಕೈಗಾರಿಕಾ ಸರಕುಗಳಿಗೆ ಕಡಮೆ ಸುಂಕ ವಿಧಿಸಬೇಕೆಂಬ ವಾದವನ್ನು ಮುಂದಿಟ್ಟರು. 1968ರಲ್ಲಿ ನಮ್ಮ ದೆಹಲಿಯಲ್ಲಿಯೇ ನಡೆದ ಎರಡನೆಯ ಸಮ್ಮೇಳನವು ಅದನ್ನು ತತ್ತ್ವತಃ ಅಂಗೀಕರಿಸಿತು. ಪಡೆಯುವವರಿಂದ ಪ್ರತಿಫಲವನ್ನು ಕೇಳಕೂಡದು, ಅವರವರಲ್ಲಿ ಭೇದವೆಣಿಸಕೂಡದು ಎಂಬುದು ಅದರ ಆಶಯ. ಯೂರೋಪಿನ ಸಮುದಾಯವು 1971ರಲ್ಲಿಯೂ ಅಮೆರಿಕವು 1976ರಲ್ಲಿಯೂ ಇದನ್ನು ಜಾರಿಗೆ ತಂದವು. 1979ರಲ್ಲಿ ಈ ವ್ಯವಸ್ಥೆಗೆ ಶಾಶ್ವತವಾದ ಕಾನೂನಿನ ಆಧಾರವೂ ದೊರೆಯಿತು.

ಆದರೆ ಈ ಕಟ್ಟಡದ ಅಡಿಪಾಯದಲ್ಲಿಯೇ ಒಂದು ಬಿರುಕಿತ್ತು. ಕೊಡಬಹುದು ಎಂದು ಕಾನೂನು ಹೇಳಿತೇ ಹೊರತು ಕೊಡಲೇಬೇಕು ಎಂದು ಹೇಳಲಿಲ್ಲ. ಇದರ ಅನುಭವ ಭಾರತಕ್ಕೇ ಆಗಿದೆ. ಅಮೆರಿಕದ ಈ ರಿಯಾಯಿತಿಯನ್ನು ಅತಿ ಹೆಚ್ಚಾಗಿ ಬಳಸಿಕೊಳ್ಳುತ್ತಿದ್ದ ದೇಶ ನಮ್ಮದು. 2017ರಲ್ಲಿ ಸುಮಾರು 570 ಕೋಟಿ ಡಾಲರ್ ಮೌಲ್ಯದ ಸರಕು ಈ ಮಾರ್ಗವಾಗಿ ಅಲ್ಲಿಗೆ ಹೋಗಿತ್ತು. ಭಾರತವು ತನ್ನ ಮಾರುಕಟ್ಟೆಯನ್ನು ಸಾಕಷ್ಟು ತೆರೆದಿಲ್ಲವೆಂಬ ಕಾರಣವನ್ನು ಮುಂದೊಡ್ಡಿ 2019ರ ಜೂನ್ 5ರಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು. ಪ್ರತಿಫಲ ಬೇಡವೆಂದು ಆರಂಭವಾದದ್ದು ಪ್ರತಿಫಲದ ಬೇಡಿಕೆಯಲ್ಲಿ ಮುಗಿಯಿತು. ವರ್ಷದ ನಡುವೆ ಕಿತ್ತುಕೊಳ್ಳಬಹುದಾದ ವಿದ್ಯಾರ್ಥಿವೇತನವನ್ನು ನಂಬಿ ಯಾವ ತಂದೆ ತಾನೇ ಮಗನನ್ನು ಕಾಲೇಜಿಗೆ ಸೇರಿಸಿಯಾನು? ಹಾಗೆಯೇ, ಇಂದು ಇದ್ದು ನಾಳೆ ಇಲ್ಲವಾಗುವ ರಿಯಾಯಿತಿಯನ್ನು ನೆಚ್ಚಿ ಯಾರೂ ಕಾರ್ಖಾನೆಯನ್ನು ಕಟ್ಟಲಾರರು.

ಇಷ್ಟನ್ನು ಹೇಳಿ ಪರರನ್ನು ದೂರುವುದು ಸುಲಭ. ನಾವೂ ಈಗ ಕೊಡುವವರ ಸಾಲಿನಲ್ಲಿ ನಿಂತಿದ್ದೇವೆಂಬುದನ್ನು ಮರೆಯಲಾಗದು. 2005ರ ಹಾಂಗ್‌ಕಾಂಗ್ ಸಮ್ಮೇಳನದ ನಿರ್ಧಾರವನ್ನು ಅನುಸರಿಸಿ, ಅತ್ಯಂತ ಹಿಂದುಳಿದ ರಾಷ್ಟ್ರಗಳಿಗೆ ಸುಂಕರಹಿತ ಪ್ರವೇಶ ನೀಡುವ ಯೋಜನೆಯನ್ನು 2008ರ ಏಪ್ರಿಲ್‌ನಲ್ಲಿ, ದೆಹಲಿಯ ಭಾರತ–ಆಫ್ರಿಕಾ ಶೃಂಗಸಭೆಯಲ್ಲಿ, ಪ್ರಧಾನಿ ಮನಮೋಹನ ಸಿಂಗ್ ಅವರು ಪ್ರಕಟಿಸಿದರು. 2014ರಲ್ಲಿ ಅದನ್ನು ವಿಸ್ತರಿಸಿ, ಸುಂಕಪಟ್ಟಿಯ ಶೇಕಡಾ 98ರಷ್ಟು ಬಾಬುಗಳಿಗೆ ಪೂರ್ಣ ಇಲ್ಲವೆ ಭಾಗಶಃ ರಿಯಾಯಿತಿ ನೀಡಲಾಯಿತು. ಅಭಿವೃದ್ಧಿಶೀಲ ರಾಷ್ಟ್ರವೊಂದು ತನಗಿಂತ ಬಡವರಿಗೆ ಹೀಗೆ ಬಾಗಿಲು ತೆರೆದದ್ದು ಶ್ಲಾಘನೀಯವೇ ಸರಿ.

ಆದರೆ ಉಳಿದ ಶೇಕಡಾ ಎರಡರಲ್ಲಿ ಏನಿತ್ತು? ಕಾಫಿ, ಚಹಾ, ತಂಬಾಕು, ಕೆಲವು ಸಂಬಾರ ಪದಾರ್ಥಗಳು. ಇಥಿಯೋಪಿಯ, ಉಗಾಂಡಗಳಂತಹ ದೇಶಗಳ ಪ್ರಮುಖ ರಫ್ತು ಬೆಳೆಯೇ ಕಾಫಿ. ಅವರು ತಯಾರಿಸದ ಸಾವಿರ ವಸ್ತುಗಳಿಗೆ ಸುಂಕವನ್ನು ಮನ್ನಾ ಮಾಡಿ, ಅವರು ಬೆಳೆಯುವ ಒಂದಕ್ಕೆ ಕದವಿಕ್ಕಿದರೆ ಆ ಔದಾರ್ಯ ಕಾಗದದ ಮೇಲಷ್ಟೇ ಉಳಿಯುತ್ತದೆ. ಗೋಡಂಬಿಯ ಕಥೆಯೂ ವಿಚಾರಾರ್ಹ. ಮಂಗಳೂರಿನ ಕಾರ್ಖಾನೆಗಳು ಬಹುಕಾಲದಿಂದ ಆಫ್ರಿಕದ ಕಚ್ಚಾ ಬೀಜವನ್ನು ನೆಚ್ಚಿಕೊಂಡಿವೆ. ಕಚ್ಚಾ ಬೀಜದ ಮೇಲಿನ ಸಾಮಾನ್ಯ ಸುಂಕವನ್ನು 2018ರಲ್ಲಿ ಶೇಕಡಾ 5ರಿಂದ 2.5ಕ್ಕೆ ಇಳಿಸಲಾಯಿತು, ಮರುವರ್ಷವೇ ಸುಲಿದ ತಿರುಳಿನ ಮೇಲಿನ ಸಾಮಾನ್ಯ ಸುಂಕವನ್ನು 45ರಿಂದ 70ಕ್ಕೆ ಏರಿಸಲಾಯಿತು. ಬೆಳೆದು ಕೊಡಿರಿ, ಸುಲಿದು ಕೊಡಬೇಡಿರಿ ಎಂಬುದೇ ಇದರ ಅರ್ಥ. ಪ್ರೆಬಿಶ್ ಅವರು ಶ್ರೀಮಂತ ರಾಷ್ಟ್ರಗಳ ವಿರುದ್ಧ ಎತ್ತಿದ ಆಕ್ಷೇಪವೂ ಇದೇ ಬಗೆಯದಾಗಿತ್ತು.

ನಮ್ಮವರ ಗತಿಯೇನು ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಗೋಡಂಬಿ ಕಾರ್ಖಾನೆಗಳಲ್ಲಿ ದುಡಿಯುವವರು ಹೆಚ್ಚಾಗಿ ಬಡ ಹೆಣ್ಣುಮಕ್ಕಳು. ಇವರ ಆತಂಕವನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೆ ನಮ್ಮ ಕಾಫಿಯ ಬಹುಭಾಗ ಹೊರದೇಶಗಳಿಗೆ ಹೋಗುತ್ತದೆ. ಅದರ ಬೆಲೆ ಲಂಡನ್, ನ್ಯೂಯಾರ್ಕ್ ಪೇಟೆಗಳ ಏರಿಳಿತವನ್ನು ಅವಲಂಬಿಸಿದೆ. ಸುಂಕದ ಗೋಡೆ ಆ ಬೆಳೆಗಾರನಿಗೆ ಕೊಡುವ ರಕ್ಷಣೆ, ನಾವು ಭಾವಿಸುವಷ್ಟು ದೊಡ್ಡದಲ್ಲ. ಬಾಂಗ್ಲಾದೇಶದ ಸಿದ್ಧ ಉಡುಪಿಗೆ ಭಾರತ 2008ರಲ್ಲಿ ವರ್ಷಕ್ಕೆ 80 ಲಕ್ಷ ಉಡುಪುಗಳ ಮಿತಿಯಲ್ಲಿ ಸುಂಕರಹಿತ ಪ್ರವೇಶ ನೀಡಿತು. 2011ರಲ್ಲಿ ಆ ಮಿತಿಯನ್ನೂ ತೆಗೆಯಿತು. ನಮ್ಮ ಉಡುಪಿನ ಉದ್ಯಮ ಅದರಿಂದ ಮುಳುಗಿಹೋಗಲಿಲ್ಲ.

ಆ ಕ್ರಮವೇ ಇಲ್ಲಿಯೂ ಮಾದರಿಯಾಗಬಲ್ಲದು. ಕಾಫಿಗೂ ಸುಲಿದ ಗೋಡಂಬಿಗೂ ಮೊದಲು ಒಂದು ಮಿತಿಯವರೆಗೆ ಸುಂಕವನ್ನು ಬಿಟ್ಟು, ಪರಿಣಾಮವನ್ನು ಗಮನಿಸುತ್ತ ಮಿತಿಯನ್ನು ಹೆಚ್ಚಿಸಬಹುದು. ಅದರಿಂದ ನಷ್ಟಕ್ಕೊಳಗಾಗುವ ಬೆಳೆಗಾರರಿಗೂ ಕಾರ್ಮಿಕರಿಗೂ ಪರಿಹಾರ ಕೇಂದ್ರದ ಬೊಕ್ಕಸದಿಂದ ಬರಬೇಕು. ದೇಶದ ಔದಾರ್ಯದ ಭಾರವನ್ನು ಕೆಲವರ ಹೆಗಲ ಮೇಲೆ ಹೊರಿಸುವುದು ಧರ್ಮವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕೊಟ್ಟ ರಿಯಾಯಿತಿಗೆ ಗೊತ್ತಾದ ಅವಧಿಯಿರಬೇಕು. ಹಿಂತೆಗೆದುಕೊಳ್ಳುವುದಾದರೆ ಕೆಲವು ವರ್ಷಗಳ ಮುನ್ಸೂಚನೆಯೂ ಪ್ರಕಟವಾದ ಕಾರಣಗಳೂ ಇರಬೇಕು.

2019ರಲ್ಲಿ ನಮಗಾದುದನ್ನು ಅನ್ಯಾಯವೆಂದು ಕರೆಯುವ ಅಧಿಕಾರ ನಮಗಿದೆ. ನಮ್ಮ ಬಂದರಿಗೆ ಬರುವ ಬಡ ದೇಶದ ಮೂಟೆಯನ್ನು ನಾವು ಹೇಗೆ ಕಾಣುತ್ತೇವೆ ಎಂಬುದರಿಂದ ಆ ಮಾತಿಗೆ ತೂಕ ಬರುತ್ತದೆ.