ಗಾಂಧಿ ಕ್ಲಾಸಿನಿಂದ: ಟಾರ್ಚು ಹಿಡಿದ ಕೈ, ಬಿಸಿಲು ಹಿಡಿದ ಕನ್ನಡಿ



ಹೋದ ವಾರ ಒಂದು ಕಾಗದ ಬಂತು. ಬರೆದದ್ದು ಹಾವೇರಿ ಕಡೆಯ ಒಬ್ಬ ಹುಡುಗ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕೋದಿಲ್ಲ ಬಿಡಿ. ವಿಷಯ ಮಾತ್ರ ನಮ್ಮ ನಿಮ್ಮೆಲ್ಲರದೂ ಹೌದು. "ಸರ, ನನಗ ಕ್ಯಾಮೆರಾಮನ್ ಆಗೂ ಹುಚ್ಚು ಐತಿ. ಕೈಯಾಗ ಮೊಬೈಲೂ ಐತಿ. ಆದ್ರ ನಮ್ಮೂರಾಗ ತಗಿಯಾಕ ಏನೈತ್ರಿ? ಒಂದು ಬಸ್‌ಸ್ಟ್ಯಾಂಡು, ಒಂದು ಹಿಟ್ಟಿನ ಗಿರಣಿ, ಒಂದು ಕೆರಿ. ಬೆಂಗಳೂರಿಗೆ ಬಂದ್ರ ಏನರ ದಾರಿ ಆಗ್ತದೇನ್ರಿ?"

ದಾರಿ! ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟು ಗಾಂಧಿನಗರದ ಫುಟ್‌ಪಾತು ಸವೆಸಿದ ನನ್ನನ್ನು ದಾರಿ ಕೇಳ್ತಾನಲ್ಲಪ್ಪ ಈ ಪುಣ್ಯಾತ್ಮ ಅಂತ ಮೊದಲು ನಗು ಬಂತು. ಆಮೇಲೆ ಆ 'ಏನೈತ್ರಿ' ಅನ್ನೋ ಮಾತು ಚುಚ್ಚಿತು. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ. ಅದಕ್ಕೆ ಮುಂಚೆ ಒಂದು ಕಥೆ.

1923ನೇ ಇಸವಿ. ಮೈಸೂರು. ಆ ವರ್ಷದ ನವೆಂಬರ್ 26ರಂದು ಒಂದು ಗಂಡು ಮಗು ಹುಟ್ಟಿತು. ಮೂರು ವಾರ ಕಳೆದು ಡಿಸೆಂಬರ್ 18ಕ್ಕೆ ಅದೇ ಊರಲ್ಲಿ ಇನ್ನೊಂದು. ಮೊದಲನೆಯದು ವಿ.ಕೆ. ಮೂರ್ತಿ. ಎರಡನೆಯದು ಟಿ.ಎಸ್. ಸತ್ಯನ್. ಇಬ್ಬರೂ ಕ್ಯಾಮೆರಾ ಹಿಡಿದರು. ಒಬ್ಬರು ಬೆಳ್ಳಿತೆರೆಗೆ, ಇನ್ನೊಬ್ಬರು ಪತ್ರಿಕೆಗೆ. ಒಂದೇ ಊರಿನ ನೀರಿನ ಮಹಿಮೆ ಅನ್ನಿ!

ಮೂರ್ತಿಯವರ ಕೈಗೆ ಮೊದಲು ಸಿಕ್ಕಿದ್ದು ಪಿಟೀಲು. ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲೂ ಕಂಡರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು, 1946ರಲ್ಲಿ ಡಿಪ್ಲೊಮಾ ಮುಗಿಸಿ ಬೊಂಬಾಯಿಗೆ ಹೋದರು. 1951ರಲ್ಲಿ ಗುರುದತ್ ನಿರ್ದೇಶನದ 'ಬಾಜಿ' ಚಿತ್ರೀಕರಣ ನಡೆದಾಗ ಮೂರ್ತಿ ಅಲ್ಲಿ ಬರೀ ಸಹಾಯಕ. ಹಾಡೊಂದಕ್ಕೆ ಕನ್ನಡಿಯ ಪ್ರತಿಬಿಂಬ ಇಟ್ಟುಕೊಂಡು ಒಂದು ಕಷ್ಟದ ಶಾಟ್ ತೆಗೆದುಕೊಟ್ಟರು. ಗುರುದತ್ ಕಣ್ಣು ಅರಳಿತು. ಮರುವರ್ಷದ 'ಜಾಲ್'ಗೆ ಮೂರ್ತಿಯವರೇ ಛಾಯಾಗ್ರಾಹಕ. ಆಮೇಲೆ 1957ರ 'ಪ್ಯಾಸಾ', 1959ರ 'ಕಾಗಜ್ ಕೆ ಫೂಲ್', 1962ರ 'ಸಾಹಿಬ್ ಬೀಬಿ ಔರ್ ಗುಲಾಮ್'. ನೆರಳು ಬೆಳಕಿನ ಆಟ ಅಂದರೆ ಇಂದಿಗೂ ಜನ ಬೆರಳು ತೋರಿಸೋದು ಈ ಮೂರರ ಕಡೆಗೇ.

ಅದರಲ್ಲೂ 'ಕಾಗಜ್ ಕೆ ಫೂಲ್' ನೋಡಿದವರಿಗೆ ಆ ಹಾಡು ಮರೆಯೋದುಂಟೇ? ಗೀತಾ ದತ್ ಕಂಠ. ಖಾಲಿ ಸ್ಟುಡಿಯೋ. ಗುರುದತ್ ಒಂದು ಕಡೆ, ವಹೀದಾ ರೆಹಮಾನ್ ಇನ್ನೊಂದು ಕಡೆ. ನಡುವೆ ಮೇಲಿನಿಂದ ಓರೆಯಾಗಿ ಇಳಿಯೋ ಬೆಳಕಿನ ಕೋಲು. ಏನು ದೊಡ್ಡ ದೀಪ ತರಿಸಿದ್ದರು ಅಂತೀರಾ? ದೀಪ ಅಲ್ಲ ಸ್ವಾಮೀ, ಕನ್ನಡಿ! ದೊಡ್ಡದಾದ ಎರಡು ಕನ್ನಡಿ. ಒಂದನ್ನು ಹೊರಗೆ ಬಿಸಿಲಿಗೆ ಇಟ್ಟರು, ಇನ್ನೊಂದನ್ನು ಒಳಗೆ ಎತ್ತರದಲ್ಲಿ ನಿಲ್ಲಿಸಿದರು. ಹೊರಗಿನ ಸೂರ್ಯ ಮೊದಲ ಕನ್ನಡಿಗೆ ಬಿದ್ದು ಎರಡನೆಯದಕ್ಕೆ ಹಾರಿ, ಅಲ್ಲಿಂದ ನೆಲಕ್ಕೆ ಇಳಿದ. ಜೊತೆಗೆ ಒಂದಿಷ್ಟು ಹೊಗೆ. ಅಷ್ಟೇ!

ಇದರಲ್ಲಿ ಒಂದು ಗುಟ್ಟಿದೆ. ಸ್ಟುಡಿಯೋ ದೀಪ ಹತ್ತಿರದಲ್ಲಿರುತ್ತೆ, ಅದರ ಬೆಳಕು ಬೀಸಣಿಗೆ ಬಿಚ್ಚಿದ ಹಾಗೆ ಹರಡುತ್ತೆ. ಸೂರ್ಯ ಕೋಟ್ಯಂತರ ಮೈಲಿ ದೂರ. ಅವನ ಕಿರಣ ನಮ್ಮ ಹತ್ತಿರ ಬರೋ ಹೊತ್ತಿಗೆ ಅಕ್ಕಪಕ್ಕ ಸಮನಾಗಿ, ನೇರವಾಗಿ ಬರುತ್ತೆ. ಆ ನೇರ ಕೋಲು ದೀಪದಿಂದ ಹುಟ್ಟೋದು ಕಷ್ಟ. ಇನ್ನು ಹೊಗೆ ಯಾಕೆ? ಬೆಳಕು ತಾನೇ ತಾನಾಗಿ ಕಾಣೋದಿಲ್ಲ, ಏನಕ್ಕಾದರೂ ತಗುಲಬೇಕು. ಗಾಂಧಿ ಕ್ಲಾಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಟಾಕೀಸಲ್ಲಿ ಕತ್ತು ತಿರುಗಿಸಿ ನೋಡಿದರೆ ಆಪರೇಟರ್ ರೂಮಿನ ಕಿಂಡಿಯಿಂದ ಬೆಳಕಿನ ಕೋಲು ಬರ್ತಿತ್ತಲ್ಲ, ಅದು ಕಾಣ್ತಿದ್ದದ್ದು ಯಾರದೋ ಬೀಡಿ ಹೊಗೆಯ ದಯೆಯಿಂದ.

ಚಿತ್ರ ಸೋತಿತು, ನಿಜ. ಆದರೆ ಮೂರ್ತಿಯವರಿಗೆ ಫಿಲಂಫೇರ್ ಬಂತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ತೆಗೆದವರು ಅಂತ ಹೆಸರೂ ಬಂತು. ಕನ್ನಡಕ್ಕೆ ಬಂದು 1993ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಹೂವು ಹಣ್ಣು'ವಿಗೆ ಕ್ಯಾಮೆರಾ ಹಿಡಿದರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಛಾಯಾಗ್ರಾಹಕನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. 2014ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ ಕಣ್ಣು ಮುಚ್ಚಿದರು. ಇಷ್ಟಕ್ಕೆಲ್ಲ ಬಂಡವಾಳ? ಮುಖ ನೋಡಿಕೊಳ್ಳೋ ಕನ್ನಡಿ, ಮತ್ತು ಯಾರಪ್ಪನ ಸ್ವತ್ತೂ ಅಲ್ಲದ ಬಿಸಿಲು.

ಇನ್ನು ಸತ್ಯನ್. ಇವರು ಸಿನಿಮಾದವರಲ್ಲ, ಪತ್ರಿಕಾ ಛಾಯಾಗ್ರಾಹಕರು. ದೊಡ್ಡ ದೊಡ್ಡವರನ್ನೂ ತೆಗೆದರು, ಇಲ್ಲ ಅನ್ನೋದಿಲ್ಲ. ಆದರೆ ಅವರ ಹೆಸರು ನಿಂತದ್ದು ಸಾಮಾನ್ಯ ಜನರ ಚಿತ್ರಗಳ ಮೇಲೆ. ಸಿಡುಬನ್ನು ಓಡಿಸೋ ಕೆಲಸ ನಡೆದಾಗ ವಿಶ್ವ ಆರೋಗ್ಯ ಸಂಸ್ಥೆಗಾಗಿ ಕ್ಯಾಮೆರಾ ಹಿಡಿದರು. ಯುನಿಸೆಫ್‌ಗೂ ದುಡಿದರು. 1977ರಲ್ಲಿ ಪದ್ಮಶ್ರೀ. 1979, ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಇವರು ತೆಗೆದ ನಮ್ಮ ದೇಶದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ದಿನಾ ನಮ್ಮ ಬೀದಿಯಲ್ಲಿ ಓಡಾಡೋ ಮಕ್ಕಳಂಥವೇ. ನಾವೂ ನೋಡಿರ್ತೀವಿ, ಅವರೂ ನೋಡಿದರು. ಅವರು ನಿಂತು ನೋಡಿದರು, ನಾವು ಬಸ್ಸು ಹಿಡಿಯೋಕೆ ಓಡಿದೆವು. ವ್ಯತ್ಯಾಸ ಇಷ್ಟೇ.

ಬಂಗಾಳದ ಮಾತೂ ಒಂದು ಹೇಳಿಬಿಡ್ತೀನಿ. ಸತ್ಯಜಿತ್ ರಾಯ್ 'ಪಥೇರ್ ಪಾಂಚಾಲಿ' ಶುರು ಮಾಡಿದ್ದು 1952ರಲ್ಲಿ. ಕ್ಯಾಮೆರಾಕ್ಕೆ ನಿಲ್ಲಿಸಿದ ಸುಬ್ರತ ಮಿತ್ರನಿಗೆ ಆಗ 22 ವರ್ಷ. ಅದಕ್ಕೆ ಮುಂಚೆ ಮೂವಿ ಕ್ಯಾಮೆರಾ ನಡೆಸಿದವನೇ ಅಲ್ಲ! ಬಯಲಲ್ಲಿ ಬಿಳಿ ಹುಲ್ಲುಹೂವಿನ ನಡುವೆ ಅಣ್ಣ... ಅಲ್ಲಲ್ಲ, ಅಕ್ಕ ತಮ್ಮ ರೈಲು ನೋಡೋಕೆ ಓಡೋ ದೃಶ್ಯ ಇದೆಯಲ್ಲ, ಒಂದು ದಿನ ಸ್ವಲ್ಪ ತೆಗೆದು ಮುಂದಿನ ವಾರ ಹೋದರೆ ಹೂವೇ ಇಲ್ಲ. ದನ ಮೇಯ್ದು ಖಾಲಿ ಮಾಡಿದ್ದವು! ಮತ್ತೆ ಹೂವು ಬಿಡೋ ಕಾಲದ ತನಕ ಕಾದರು. ಹುಲ್ಲಿಗಾಗಿ ಕಾದ ಚಿತ್ರತಂಡ! ಮುಂದೆ 1956ರ 'ಅಪರಾಜಿತೋ'ನಲ್ಲಿ ಕಾಶಿಯ ಮನೆಯ ಸೆಟ್ಟನ್ನು ಸ್ಟುಡಿಯೋದಲ್ಲಿ ಹಾಕಿದಾಗ, ಅಂಗಳಕ್ಕೆ ಆಕಾಶದ ಬೆಳಕು ಬೇಕಲ್ಲ? ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪವನ್ನು ಅದಕ್ಕೆ ಹೊಡೆದು, ವಾಪಸು ಬೀಳೋ ಮೆತ್ತನೆ ಬೆಳಕಲ್ಲಿ ಚಿತ್ರ ತೆಗೆದರು. ಮೂರ್ತಿಯವರಿಗೆ ಕನ್ನಡಿ, ಮಿತ್ರರಿಗೆ ಬಟ್ಟೆ.

ನಮ್ಮಲ್ಲೇ ನೋಡಿ. 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ', ಎರಡೂ ಸ್ವರ್ಣಕಮಲ ಗೆದ್ದವು. ಎರಡಕ್ಕೂ ಎಸ್. ರಾಮಚಂದ್ರ ಅವರ ಕ್ಯಾಮೆರಾ. ಒಂದರಲ್ಲಿ ಹೆಸರೇ ಹೇಳೋ ಹಾಗೆ ಒಂದು ದುಡಿ. ಗುಡಿಸಿಲಲ್ಲಿ ಬಿದ್ದಿರೋ ಚರ್ಮದ ವಾದ್ಯ. ಚೋಮನಿಗೆ ಸಿಟ್ಟು ಬಂದರೂ ಅದೇ, ದುಃಖ ಬಂದರೂ ಅದೇ. ವಾಸುದೇವರಾವ್ ಅದನ್ನು ಬಡಿಯೋದು ನೋಡಿ ಹೊರಗೆ ಬಂದ ಮೇಲೆ ಯಾವ ದುಡಿಯೂ ಬರೀ ದುಡಿಯಾಗಿ ಕಾಣೋದಿಲ್ಲ.

ಈಗ ನನ್ನ ಕಥೆ. ಕೊನೆಗೆ ಹೇಳ್ತೀನಿ ಅಂದಿದ್ದೆನಲ್ಲ.

ನಮ್ಮೂರಲ್ಲಿ ಒಂದೇ ಟಾಕೀಸು. ನನ್ನ ಸೋದರಮಾವ ಅಲ್ಲಿ ಗೇಟ್‌ಕೀಪರು. ಖಾಕಿ ಅಂಗಿ, ಕೈಯಲ್ಲಿ ಟಾರ್ಚು. ಲೇಟಾಗಿ ಬಂದವರಿಗೆ ಕತ್ತಲಲ್ಲಿ ಸೀಟು ತೋರಿಸಿ ತೋರಿಸಿ ಮೂವತ್ತು ವರ್ಷ ಕಳೆದವನು. ನಾನು ಸಿನಿಮಾ ಹುಚ್ಚ ಆಗಿದ್ದೇ ಅವನ ದೆಸೆಯಿಂದ. ಮೊದಲ ಮೊಬೈಲು ಕೈಗೆ ಬಂದ ಮೇಲೆ ಪ್ರತಿ ಬಿಡುಗಡೆಯ ದಿನ ನನ್ನದು ಒಂದೇ ಕೆಲಸ. ಕಟೌಟು, ಹಾರ, ಹಾಲಿನ ಅಭಿಷೇಕ, ಪಟಾಕಿ, ಎಲ್ಲ ಫೋಟೋ. ಒಂದು ಸಲ ಮಾವ ಟಾರ್ಚು ಹಿಡಿದು ಬಂದು, "ಅಳಿಯಾ, ನಂದೂ ಒಂದು ತೆಗಿಯೋ" ಅಂದ. ನಾನು ಏನಂದೆ ಗೊತ್ತಾ? "ಸ್ವಲ್ಪ ಆ ಕಡೆ ಹೋಗು ಮಾವ, ಕಟೌಟಿಗೆ ಅಡ್ಡ ಬರ್ತಿದ್ದೀಯ."

ಹೋದ. ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕೊಂಡೇ ಹೋದ.

2020ರಲ್ಲಿ ಕೊರೋನಾ ಬಂತು. ಟಾಕೀಸು ಬಾಗಿಲು ಹಾಕಿತು, ಮತ್ತೆ ತೆರೀಲಿಲ್ಲ. ಮರುವರ್ಷ ಮಾವನೂ ಹೋದ. ಗೋಡೆಗೆ ಹಾಕೋಕೆ ಫೋಟೋ ಬೇಕು ಅಂತ ಮನೆಯೆಲ್ಲ ಹುಡುಕಿದೆವು. ಇರಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ಸ್ಟುಡಿಯೋದವನು ದೊಡ್ಡದು ಮಾಡಿಕೊಟ್ಟ. ಆ ಕಾರ್ಡಿನ ಫೋಟೋ ಹೇಗಿರುತ್ತೆ ಅಂತ ನಿಮಗೇ ಗೊತ್ತು, ಪೊಲೀಸರು ಹಿಡಿದು ತಂದವನ ಹಾಗೆ. ಅತ್ತೆ ಅದಕ್ಕೇ ಹಾರ ಹಾಕಿ, "ಇವರು ಹಿಂಗಿರ್ಲಿಲ್ಲ ಕಣೋ" ಅಂದರು.

ಆ ರಾತ್ರಿ ಮೊಬೈಲೆಲ್ಲ ಜಾಲಾಡಿದೆ. ನೂರಾರು ಕಟೌಟು. ನಾನು ಹಲ್ಲು ಕಿರಿದ ಸೆಲ್ಫಿ ಲೆಕ್ಕವಿಲ್ಲ. ಟಿಕೆಟ್ ಕೌಂಟರಿನ ಕೈ ತೂರಿಸೋ ಕಿಂಡಿ ಇಲ್ಲ. ಹರಿದ ಸೀಟು ಇಲ್ಲ. ಇಂಟರ್‌ವೆಲ್ಲಿನ ಕಡ್ಲೆಕಾಯಿ ಬುಟ್ಟಿ ಇಲ್ಲ. ಒಂದೇ ಒಂದು ಚಿತ್ರದಲ್ಲಿ, ಕಟೌಟಿನ ಎಡಗಡೆ ಅಂಚಿನಲ್ಲಿ, ಖಾಕಿ ತೋಳಿನ ಒಂದು ಮೊಣಕೈ, ಅದರ ತುದಿಗೆ ಟಾರ್ಚು. ಅಷ್ಟೇ ಉಳಿದಿರೋದು ನನ್ನ ಮಾವ.

ಟಾಕೀಸು ಕೆಡವಿ ಈಗ ಅಲ್ಲಿ ಅಂಗಡಿ ಸಾಲು ಎದ್ದಿದೆ. ನಮ್ಮೂರ ಕಥೆ ಮಾತ್ರ ಅಲ್ಲ ಇದು. ದಿನಾ ಸಾವಿರಾರು ಜನ 'ಮೆಜೆಸ್ಟಿಕ್, ಮೆಜೆಸ್ಟಿಕ್' ಅಂತ ಬಸ್ಸು ಹತ್ತುತ್ತಾರೆ. ಆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸನ್ನು ಕಣ್ಣಲ್ಲಿ ಕಂಡವರು ಎಷ್ಟು ಜನ? ಕಪಾಲಿಯೂ ಹೋಯ್ತು. ಅದರ ಮುಂದೆ ಕಟೌಟಿನ ಫೋಟೋ ತೆಗೆದವರು ಬೇಕಾದಷ್ಟು. ಒಳಗಿನ ಮೆಟ್ಟಿಲನ್ನೋ, ಗೇಟಿನವನನ್ನೋ ತೆಗೆದವರಿದ್ದರೆ ಅವರಿಗೆ ನನ್ನ ದೊಡ್ಡ ನಮಸ್ಕಾರ.

ಅದಕ್ಕೇ ಹಾವೇರಿಯ ತಮ್ಮಾ, ನಿನ್ನ ಕಾಗದಕ್ಕೆ ಉತ್ತರ. ಬೆಂಗಳೂರಿಗೆ ಬರೋದು ಇದ್ದೇ ಇದೆ, ಬಸ್ಸೆಲ್ಲೂ ಓಡಿಹೋಗೋದಿಲ್ಲ. ಮೊದಲು ನಿಮ್ಮೂರ ಹಿಟ್ಟಿನ ಗಿರಣಿಗೆ ಹೋಗು. ಬೆಳಿಗ್ಗೆ, ಬಿಸಿಲು ಇನ್ನೂ ಓರೆಯಾಗಿ ಬೀಳೋ ಹೊತ್ತಿಗೆ. ಕಿಟಕಿಯ ಬೆಳಕು ಒಳಗೆ ಬರ್ತಿರುತ್ತೆ, ಗಾಳಿ ತುಂಬ ಹಿಟ್ಟಿನ ದೂಳು ಹಾರ್ತಿರುತ್ತೆ. ಮೂರ್ತಿಯವರು ಕನ್ನಡಿ ಇಟ್ಟು ಹೊಗೆ ಹಾಕಿ ಹುಟ್ಟಿಸಿದ ಆ ಬೆಳಕಿನ ಕೋಲು ನಿಮ್ಮ ಗಿರಣಿಯಲ್ಲಿ ದಿನಾ ಪುಕ್ಕಟೆ ಇಳೀತಿದೆಯಪ್ಪ! ಅದರಲ್ಲಿ ಗಿರಣಿಯವನನ್ನು ನಿಲ್ಲಿಸು. ಅಲ್ಲ, ನಿಲ್ಲಿಸಲೂ ಬೇಡ. ಅವನ ಪಾಡಿಗೆ ಅವನು ಜೋಳ ಸುರೀಲಿ, ನೀನು ಕಾಯಿ. ತೆಗೆದ ಮೇಲೆ ಒಂದು ಪ್ರಿಂಟು ಹಾಕಿಸಿ ಅವನ ಕೈಗೆ ಕೊಡು. ಇದನ್ನು ಮರೀಬೇಡ.

ಆ ಚಿತ್ರ ನನಗೂ ಒಂದು ಕಳಿಸು. ಚೆನ್ನಾಗಿದ್ದರೆ ಸಂಪಾದಕರ ಕಾಲು ಹಿಡಿದಾದರೂ ಇದೇ ಪುಟದಲ್ಲಿ ಹಾಕಿಸ್ತೀನಿ. ಚೆನ್ನಾಗಿಲ್ಲದಿದ್ದರೆ ಮತ್ತೆ ಹೋಗು, ಗಿರಣಿ ಅಲ್ಲೇ ಇರುತ್ತೆ.

ಇರುತ್ತೆ ಅಂತ ಮಾತ್ರ ನಂಬಿ ಕೂರಬೇಡ. ನಾನು ಹಾಗೆ ನಂಬಿದ್ದೆ.

ಬರಲಾ? ಮುಂದಿನ ವಾರ ಇದೇ ಬೆಂಚಿನಲ್ಲಿ ಸಿಗೋಣ.