ಕೀಲಿಕೈ ಕೊಟ್ಟರೆ ಹೊಣೆ ಮುಗಿಯದು

ಶಿವನಸಮುದ್ರದ ದ್ವೀಪಕ್ಕೆ ದಾರಿಯಾಗಿದ್ದ ಕಲ್ಲುಕಂಬಗಳ ಪ್ರಾಚೀನ ಸೇತುವೆಗಳು ಶಿಥಿಲವಾಗಿದ್ದಾಗ, ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅವುಗಳನ್ನು ದುರಸ್ತಿಗೊಳಿಸಿದವರು ರಾಮಸ್ವಾಮಿ ಮೊದಲಿಯಾರ್. ಆ ಸೇವೆಯನ್ನು ಮನ್ನಿಸಿ ಅವರಿಗೆ ಜಹಗೀರಿ ನೀಡಲಾಯಿತು. ಮೊದಲು ದುರಸ್ತಿ, ಅನಂತರ ಆದಾಯ. ಎರಡು ಶತಮಾನ ಬಾಳಿದ ಅಲ್ಲಿನ ವೆಸ್ಲಿ ಸೇತುವೆಯ ಒಂದು ಭಾಗ 2018ರ ಕಾವೇರಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಸೊತ್ತು ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಸದಾ ಗಮನಿಸುವ ಕಣ್ಣೊಂದು ಬೇಕು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈ ಮಾತನ್ನು ಇಲ್ಲಿ ನೆನಪಿಸಲು ಕಾರಣವಿದೆ. ಮಳವಳ್ಳಿ, ಮದ್ದೂರು, ಮಂಡ್ಯದಂತಹ ಊರುಗಳಿಂದ ದುಡಿಮೆಗಾಗಿ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದವರು ಊರಲ್ಲೊಂದು, ನಗರದಲ್ಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಪ್ರತಿ ತಿಂಗಳು ಬಂದು ನೋಡಲು ಸಾಧ್ಯವಿಲ್ಲ. ಆದ್ದರಿಂದ ಸಂಬಂಧಿಕರಿಗೋ ದಲ್ಲಾಳಿಗೋ ನಿರ್ವಹಣೆಯ ಸಂಸ್ಥೆಗೋ ದೀರ್ಘಾವಧಿಗೆ ಒಪ್ಪಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲಸವನ್ನು ಒಪ್ಪಿಸುವುದಕ್ಕೂ ಹೊಣೆಯನ್ನು ಕಳಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಮರೆತಿದ್ದೇವೆ.

ಈ ಮರೆವಿನ ಬೆಲೆ ಏನೆಂಬುದನ್ನು ಬೆಂಗಳೂರಿನ ಪೊಲೀಸ್ ಠಾಣೆಗಳಲ್ಲಿ ದಾಖಲಾದ ವಂಚನೆಯ ದೂರುಗಳು ಹೇಳುತ್ತವೆ. ಮಧ್ಯವರ್ತಿಯು ಮಾಲಕನಿಗೆ ತಿಂಗಳ ಬಾಡಿಗೆಯ ಭರವಸೆ ಕೊಟ್ಟು ಮನೆಯನ್ನು ವಹಿಸಿಕೊಳ್ಳುತ್ತಾನೆ. ಅದೇ ಮನೆಯನ್ನು ಇನ್ನೊಂದು ಕುಟುಂಬಕ್ಕೆ ಲಕ್ಷಗಟ್ಟಲೆ ಹಣ ಪಡೆದು ಭೋಗ್ಯಕ್ಕೆ ಕೊಡುತ್ತಾನೆ. ಕೆಲವು ತಿಂಗಳು ಬಾಡಿಗೆ ಸರಿಯಾಗಿ ಬರುತ್ತದೆ. ಬಳಿಕ ಬಾಡಿಗೆಯೂ ನಿಲ್ಲುತ್ತದೆ, ಮಧ್ಯವರ್ತಿಯೂ ಕಾಣೆಯಾಗುತ್ತಾನೆ. ಮನೆ ಖಾಲಿ ಮಾಡಿ ಎನ್ನುತ್ತಾನೆ ಮಾಲಕ. ನಮ್ಮ ಹಣ ಕೊಡಿ ಎನ್ನುತ್ತದೆ ಕುಟುಂಬ. ಮಗಳ ಮದುವೆಗೆಂದು ಕೂಡಿಟ್ಟದ್ದನ್ನೋ ಒಡವೆ ಮಾರಿದ್ದನ್ನೋ ಕೊಟ್ಟು ಒಳಬಂದವರು ಎಲ್ಲಿಗೆ ಹೋಗಬೇಕು? ಮೋಸ ಮಾಡಿದವನು ಮೂರನೆಯವನು, ಜಗಳವಾಡುತ್ತಿರುವವರು ಮೋಸಹೋದ ಇಬ್ಬರು!

ನನಗೇನೂ ಗೊತ್ತಿರಲಿಲ್ಲ ಎಂದು ಮಾಲಕನು ಕೈತೊಳೆದುಕೊಳ್ಳಬಹುದೇ? ಕಾನೂನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಏಜೆಂಟನಿಗೆ ಅಧಿಕಾರವಿದೆ ಎಂಬ ನಂಬಿಕೆಯನ್ನು ಮಾಲಕನೇ ತನ್ನ ಮಾತು ಅಥವಾ ನಡವಳಿಕೆಯಿಂದ ಹುಟ್ಟಿಸಿದ್ದರೆ, ಅಧಿಕಾರ ಮೀರಿದ ಕೃತ್ಯಕ್ಕೂ ಮಾಲಕ ಬದ್ಧನಾಗುತ್ತಾನೆಂದು 1872ರ ಭಾರತೀಯ ಕರಾರು ಕಾಯ್ದೆಯ 237ನೇ ಕಲಮು ಹೇಳುತ್ತದೆ. ಅದೇ ಕಾಯ್ದೆಯ 213ನೇ ಕಲಮಿನಂತೆ, ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಏಜೆಂಟನ ಕರ್ತವ್ಯ. ಆದರೆ ಕೇಳುವವರೇ ಇಲ್ಲದಿದ್ದರೆ ಆ ಕಲಮಿನಿಂದ ಏನು ಪ್ರಯೋಜನ? ಕೇಂದ್ರ ಸಚಿವ ಸಂಪುಟವು 2021ರಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯು ಸೊತ್ತು ನಿರ್ವಾಹಕನ ಕರ್ತವ್ಯಗಳನ್ನು ಪ್ರತ್ಯೇಕವಾಗಿ ಗುರುತಿಸಿದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿಯೇ ಹೊರತು ತಾನಾಗಿಯೇ ಜಾರಿಗೆ ಬರುವ ಕಾನೂನಲ್ಲ.

ಆದ್ದರಿಂದ ಎಚ್ಚರವು ಕರಾರಿನಿಂದಲೇ ಆರಂಭವಾಗಬೇಕು. ಮನೆ ವಹಿಸಿಕೊಳ್ಳುವವನು ಮಾಲಕನ ಪ್ರತಿನಿಧಿಯೋ ಅಥವಾ ಸ್ವತಃ ಬಾಡಿಗೆದಾರನೋ ಎಂಬುದು ಮೊದಲು ಸ್ಪಷ್ಟವಾಗಲಿ. ಬಾಡಿಗೆದಾರನಾದರೆ ಒಳಬಾಡಿಗೆ ಮತ್ತು ಭೋಗ್ಯಕ್ಕೆ ಕೊಡಬಾರದೆಂದು ಬರೆದಿರಲಿ. ಪ್ರತಿನಿಧಿಯಾದರೆ ಮುಂಗಡ ಹಣ ನೇರವಾಗಿ ಮಾಲಕನ ಬ್ಯಾಂಕ್ ಖಾತೆಗೇ ಬರಲಿ. ದುರಸ್ತಿಗೆ ಎಷ್ಟು ಮೊತ್ತದವರೆಗೆ ಕೇಳದೆ ಖರ್ಚು ಮಾಡಬಹುದು, ಲೆಕ್ಕ ಯಾವಾಗ ಒಪ್ಪಿಸಬೇಕು, ಎಷ್ಟು ದಿನಗಳ ನೋಟಿಸ್ ಕೊಟ್ಟು ವ್ಯವಸ್ಥೆಯನ್ನು ಮುಗಿಸಬಹುದು ಎಂಬುದೂ ಅದರಲ್ಲಿರಲಿ. ಒಂದು ವರ್ಷವನ್ನು ಮೀರಿದ ಗುತ್ತಿಗೆಯಾದರೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರನ್ನು ಹತ್ತು ವರ್ಷ ಎಳೆಯುವ ಅಭ್ಯಾಸ ಯಾರನ್ನೂ ಕಾಯುವುದಿಲ್ಲ. ಮಾರುವ, ಅಡವಿಡುವ ಅಧಿಕಾರವನ್ನೂ ಸೇರಿಸಿದ ಮುಖ್ತಾರ್‌ನಾಮೆಗೆ ಕಣ್ಣುಮುಚ್ಚಿ ಸಹಿ ಹಾಕುವುದಂತೂ ಆತ್ಮಹತ್ಯೆಗೆ ಸಮ.

ನಮ್ಮವರೇ ಅಲ್ಲವೇ, ಕಾಗದವೇಕೆ ಎಂಬ ಸಂಕೋಚವಿದೆ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಕುರ್‌ಆನ್ ಆದೇಶಿಸಿರುವಾಗ, ಬರಹವು ಅಪನಂಬಿಕೆಯ ಲಕ್ಷಣವಾಗುವುದು ಹೇಗೆ? ಅದು ಸಂಬಂಧವನ್ನು ಕಾಪಾಡುವ ಉಪಾಯ. ಬಾವ ಬಾಮೈದರ ನಡುವೆ ಮಾತು ನಿಂತದ್ದು ಕಾಗದವಿದ್ದುದರಿಂದಲ್ಲ, ಇಲ್ಲದ್ದರಿಂದ.

ಬಾಡಿಗೆಗೆ ಬರುವವರಿಗೂ ಒಂದು ಮಾತು. ಮಾಲಕನನ್ನು ಕಾಣದೆ, ಕನಿಷ್ಠ ಫೋನಿನಲ್ಲಾದರೂ ಮಾತಾಡದೆ, ಮಧ್ಯವರ್ತಿಯ ಕೈಗೆ ದೊಡ್ಡ ಮೊತ್ತ ಕೊಡಬೇಡಿ. ಭೋಗ್ಯದ ಪತ್ರವನ್ನು ನೋಂದಾಯಿಸಿರಿ. ಮಾಲಕರೂ ವರ್ಷಕ್ಕೊಮ್ಮೆಯಾದರೂ ಆ ಬಾಗಿಲು ತಟ್ಟಿ ಒಳಗಿರುವವರ ಹೆಸರು ಕೇಳಲಿ, ಅವರು ಕೊಡುತ್ತಿರುವ ಹಣವೆಷ್ಟೆಂದು ತಿಳಿಯಲಿ. ಆ ಒಂದು ಪ್ರಶ್ನೆ ಕೇಳಿದ್ದರೆ ಎಷ್ಟೋ ಮಂದಿ ಬೀದಿಗೆ ಬೀಳುತ್ತಿರಲಿಲ್ಲ. ತಿಂಗಳ ಬಾಡಿಗೆ ತಪ್ಪದೆ ಬಂದಷ್ಟು ದಿನ ಸುಮ್ಮನಿದ್ದು, ಅದು ನಿಂತ ದಿನ ಮಾತ್ರ ತನ್ನ ಮಾಲಕತ್ವವನ್ನು ನೆನೆಯುವುದು ನ್ಯಾಯವಲ್ಲ.